ಬೋಳು ಮನೆಯ ಹವಳ

ನಮ್ಮೂರಿನಲ್ಲಿ ಹೊಸ ಸೀರೆಯ ಬಣ್ಣ ಮೂರು ದಿನ ಉಳಿದರೆ ಹೆಚ್ಚು. ನಾಲ್ಕನೆಯ ದಿನ ಅದು ಬೂದಿ. ಬೆಳಗ್ಗೆ ಇಟ್ಟುಕೊಂಡ ಕುಂಕುಮ ಮಧ್ಯಾಹ್ನಕ್ಕೆ ಬೂದಿ, ದಾಸವಾಳ ಮೊಗ್ಗಿನಲ್ಲೇ ಬೂದಿ, ಬೆರಳು ಕೊಯ್ದುಕೊಂಡರೆ ರಕ್ತ ಕೂಡ ನೆಲ ಮುಟ್ಟುವಷ್ಟರಲ್ಲಿ ಬೂದಿ. ಇದಕ್ಕೆ ಯಾರೂ ತಲೆ ಕೆಡಿಸಿಕೊಂಡಿದ್ದನ್ನು ನಾನು ನೋಡಿಲ್ಲ. ಮಾವು ಹಣ್ಣಾಯಿತೋ ಇಲ್ಲವೋ ಅಂತ ಮೂಸಿ ನೋಡುತ್ತೇವೆ. ಖಾರದಪುಡಿ ಯಾವುದು, ಅರಿಶಿನ ಯಾವುದು ಅಂತ ನಾಲಿಗೆಗೆ ಹಚ್ಚಿ ನೋಡುತ್ತೇವೆ. ಸಂತೆಯಲ್ಲಿ ಪಾತ್ರೆ ಕೊಳ್ಳುವಾಗ ಬೆರಳಿನಿಂದ ಬಡಿದು ಸದ್ದು ಕೇಳುತ್ತೇವೆ, ಯಾಕೆಂದರೆ ಸ್ಟೀಲು, ಹಿತ್ತಾಳೆ, ತಾಮ್ರ ಎಲ್ಲವೂ ಕಣ್ಣಿಗೆ ಒಂದೇ. ಬಣ್ಣ ನಿಲ್ಲುವುದು ಒಂದೇ ಕಡೆ, ಉಪ್ಪುನೀರಿನ ಟ್ಯಾಂಕಿನಲ್ಲಿ, ಹವಳದ ಮೈಮೇಲೆ.

ಹಾಗಾಗಿ ಪ್ರತಿ ಮನೆಗೂ ಬೀದಿಗೆ ಮುಖ ಮಾಡಿದ ಒಂದು ದೊಡ್ಡ ಕಿಟಕಿ, ಆ ಕಿಟಕಿಯಲ್ಲಿ ಗಾಜಿನ ಟ್ಯಾಂಕು, ಟ್ಯಾಂಕಿನಲ್ಲಿ ಒಂದೇ ಬಣ್ಣದ ಹವಳ. ಕೇಸರಿ ಮನೆ, ಗಿಳಿಹಸಿರು ಮನೆ, ಗುಲಾಬಿ ಮನೆ ಅಂತಲೇ ಮನೆಗಳ ಹೆಸರು. ಒಂದು ಮನೆಗೆ ಒಂದು ಬಣ್ಣ, ಒಂದು ಬಣ್ಣಕ್ಕೆ ಒಂದು ಮನೆ. ಸಂಜೆ ಬೀದಿಯುದ್ದಕ್ಕೂ ನಡೆಯುತ್ತ ಕಿಟಕಿಗಳನ್ನು ನೋಡುವುದೇ ನಮಗೆ ಸಿನಿಮಾ. ಬಣ್ಣ ಅಪ್ಪನಿಂದ ಮಗನಿಗೆ ಹೋಗುತ್ತದೆ. ಮನೆಯ ಗಂಡಸು ಸತ್ತು, ಗಂಡುಮಗ ಇಲ್ಲದೇ ಹೋದರೆ, ಸಂತೆಯ ದಿನ ನಡುಮಧ್ಯಾಹ್ನ ಪಂಚರು ಬಂದು ಟ್ಯಾಂಕಿಗೆ ಸಿಹಿನೀರು ಸುರಿಯುತ್ತಾರೆ. ಮೊದಲ ಕೊಡ ಹಿರಿಯ ಪಂಚರದು. ಕೊಡದ ಮೇಲೆ ಕೊಡ ಬಿದ್ದಮೇಲೆ ಹವಳ ಸಂಜೆಯೊಳಗೆ ಸಾಯುತ್ತದೆ. ಸಿಹಿನೀರು ಬಿದ್ದ ಬಣ್ಣ ಊರಿನಲ್ಲಿ ಮತ್ತೆ ಎಲ್ಲಿಯೂ ಇರಕೂಡದು ಅಂತ ಪಂಚರ ಪುಸ್ತಕದಲ್ಲಿ ಬರೆದಿದೆ. ಆಮೇಲೆ ಆ ಕಿಟಕಿಗೆ ಇಟ್ಟಿಗೆ ಕಟ್ಟುತ್ತಾರೆ. ರೋಗ ಬಂದು ಹವಳ ತಾನಾಗಿ ಸತ್ತರೂ ಇಟ್ಟಿಗೆಯೇ. ಅಂಥ ಮನೆಗೆ ಬೋಳು ಮನೆ ಅನ್ನುತ್ತಾರೆ.

ನನ್ನದು ಬೋಳು ಮನೆ. ಎಂಟು ವರ್ಷದ ಕೆಳಗೆ ನನ್ನ ಗಂಡ ತೀರಿಕೊಂಡ. ಮಕ್ಕಳಿರಲಿಲ್ಲ. ನಮ್ಮದು ಅರಿಶಿನ ಬಣ್ಣ. ಮೊದಲ ಕೊಡ ಸುರಿದವನು ರಾಚಪ್ಪ, ನೇರಳೆ ಮನೆಯ ಯಜಮಾನ, ಹಿರಿಯ ಪಂಚ. ಎದುರಿಗೆ ಯಜಮಾನ್ರ ಅನ್ನುತ್ತೇನೆ, ಇಲ್ಲಿ ಅವನು ಅಂತಲೇ ಹೇಳುತ್ತೇನೆ, ಯಾರೂ ಬೇಜಾರು ಮಾಡಿಕೊಳ್ಳಬೇಡಿ. ನನ್ನ ಕಣ್ಣೆದುರಿಗೇ ಅರಿಶಿನ ಮೊದಲು ಮಂಕಾಯಿತು, ಆಮೇಲೆ ಲೋಳೆಯಾಗಿ ನೀರಿಗೆ ಬಿಟ್ಟುಕೊಂಡಿತು. ಈಗಿನ ಮಕ್ಕಳು ಅರಿಶಿನ ಅಂದರೆ ಬರೀ ಒಂದು ರುಚಿ ಅಂದುಕೊಂಡಿದ್ದಾರೆ.

ಹೊಟ್ಟೆಪಾಡಿಗೆ ಮನೆಮನೆಯ ಟ್ಯಾಂಕು ತೊಳೆಯುವ ಕೆಲಸ ಹಿಡಿದೆ. ಗಾಜಿನ ಪಾಚಿ ಕೆರೆಯುವುದು, ನನ್ನದೇ ಪ್ಲಾಸ್ಟಿಕ್ ಬಕೀಟಿನಲ್ಲಿ ಕಡಲುಪ್ಪು ಕಲಸಿ ಹೊಸ ನೀರು ಹಾಕುವುದು, ಹವಳಕ್ಕೆ ಸೀಗಡಿ ಪುಡಿ ಉಣಿಸುವುದು. ಬೋಳು ಮನೆಯವಳು ಬಣ್ಣ ಇಟ್ಟುಕೊಳ್ಳಕೂಡದು, ಆದರೆ ಊರಿನವರ ಬಣ್ಣಕ್ಕೆಲ್ಲ ಊಟ ಬಡಿಸಬಹುದು. ಈ ನ್ಯಾಯ ಯಾರಿಗೂ ವಿಚಿತ್ರ ಅನ್ನಿಸಿರಲಿಲ್ಲ.

ಪಾಚಿ ಕೆರೆಯುವಾಗ ಒಮ್ಮೊಮ್ಮೆ ಹವಳದ ಚೂರು ಮುರಿಯುವುದುಂಟು. ಮುರಿದದ್ದು ಸತ್ತದ್ದು ಅಂತ ನಮ್ಮೂರಿನ ನಂಬಿಕೆ, ಪುಸ್ತಕದಲ್ಲಿಯೂ ಹಾಗೇ ಇದೆ. ಅದನ್ನು ಸುಣ್ಣದ ಭಟ್ಟಿಗೆ ಹಾಕಬೇಕು. ಗುಲಾಬಿ ಮನೆಯಲ್ಲಿ ಮುರಿದ ಒಂದು ಚೂರು ನನ್ನ ಬಕೀಟಿನ ತಳದಲ್ಲಿ ಉಳಿದುಕೊಂಡಿತ್ತು. ಮೈಯಲ್ಲಿ ಹುಷಾರಿಲ್ಲದೆ ಎರಡು ದಿನ ಬಕೀಟು ಮುಟ್ಟಿರಲಿಲ್ಲ. ಮೂರನೆಯ ದಿನ ನೀರು ಚೆಲ್ಲಲು ಹೋದರೆ ಆ ಚೂರಿನ ಅಂಚಿನಲ್ಲಿ ಸಾಸಿವೆಯಷ್ಟು ಬಾಯಿಗಳು ತೆರೆದುಕೊಂಡು ಆಡುತ್ತಿದ್ದವು. ಅದನ್ನು ಉಪ್ಪಿನಕಾಯಿ ಭರಣಿಗೆ ಹಾಕಿ, ಗಾಜಿನ ಕೆಲಸದ ಮಾಬೂಸಾಬನ ಅಂಗಡಿಗೆ ಓಡಿದೆ. ಒಂದು ಟ್ಯಾಂಕು ಬೇಕು ಅಂದೆ. ಅವನು ಅಳತೆ ಕೇಳಿದ, ಯಾರ ಮನೆಗೆ ಅಂತ ಕೇಳಲಿಲ್ಲ. ಕಿಟಕಿಗೆ ಇಟ್ಟಿಗೆ ಬಿದ್ದ ನನ್ನ ಮನೆಯ ಒಳಕೋಣೆಗೆ ತಾನೇ ಹೊತ್ತು ತಂದಿಟ್ಟು, ಹವಳಕ್ಕೆ ಬೇಕಾದ ಟ್ಯೂಬ್‌ಲೈಟು ಹಚ್ಚಿಕೊಟ್ಟು ಹೋದ.

ಆಮೇಲೆ ನನ್ನ ಕೈ ಸ್ವಲ್ಪ ಒರಟಾಯಿತು ಅಂತ ಇಟ್ಟುಕೊಳ್ಳಿ. ಕೇಸರಿ ಮನೆಯಲ್ಲಿ ಒಂದು ಚೂರು ಮುರಿಯಿತು, ಗಿಳಿಹಸಿರು ಮನೆಯಲ್ಲಿ ಒಂದು. ಸೆರಗಿನಲ್ಲಿ ಒದ್ದೆ ಬಟ್ಟೆ ಸುತ್ತಿ ಹಗಲು ಹೊತ್ತಿನಲ್ಲೇ ತಂದೆ. ಬೋಳು ಮನೆಯವಳ ಸೆರಗನ್ನು ಯಾರು ನೋಡುತ್ತಾರೆ? ಚೂರುಗಳನ್ನು ಕಲ್ಲಿಗೆ ಅಂಟಿಸಿದೆ. ಬೆಳೆದದ್ದನ್ನು ಇಕ್ಕಳದಿಂದ ಕತ್ತರಿಸಿ ಎರಡು ಮಾಡಿದೆ, ಎರಡೂ ಬದುಕಿದವು. ಐದಾರು ವರ್ಷದಲ್ಲಿ ಊರಿನಲ್ಲಿ ಉಳಿದಿದ್ದ ಹತ್ತೊಂಬತ್ತು ಬಣ್ಣಗಳೂ ನನ್ನ ಒಂದೇ ಟ್ಯಾಂಕಿನಲ್ಲಿ ಸೇರಿದವು. ಕೊನೆಗೆ ಸಿಕ್ಕಿದ್ದು ನೇರಳೆ. ನಾನು ಒರೆಸುವಾಗಲೆಲ್ಲ ರಾಚಪ್ಪ ಪಕ್ಕದಲ್ಲೇ ನಿಂತಿರುತ್ತಿದ್ದ. ಅವನ ಸೊಸೆ ಕಸ್ತೂರಿ ಒಂದು ದಿನ ಚಹಾಕ್ಕೆ ಕರೆದು ಅವನನ್ನು ಒಳಗೆ ಕೂರಿಸಿದಾಗ ಉಗುರಿನಷ್ಟು ಸಿಕ್ಕಿತು. ನೇರಳೆ ನಿಧಾನ ಬೆಳೆಯುವ ಜಾತಿ, ವರ್ಷವಾದರೂ ಉಗುರಿನಷ್ಟೇ ಇತ್ತು.

ನನ್ನನ್ನು ಯಾರೂ ಹಿಡಿಯಲಿಲ್ಲ, ನನ್ನ ಬಾಯಿಯೇ ಹಿಡಿದುಕೊಟ್ಟಿತು. ಅವತ್ತು ನೇರಳೆ ಮನೆಯ ಗಾಜು ಒರೆಸುತ್ತಿದ್ದೆ. ಎದುರು ಮನೆಯ ಕಟ್ಟೆಯ ಮೇಲೆ ಮುದುಕಿ ಸಾವಂತ್ರವ್ವ ಎಂದಿನಂತೆ ಕೂತಿದ್ದಳು. ಅವಳದೂ ಬೋಳು ಮನೆ, ಮೂವತ್ತು ವರ್ಷದಿಂದ. ರಾಚಪ್ಪ ಅವಳಿಗೂ ಕೇಳಿಸಲಿ ಅನ್ನುವ ಹಾಗೆ ಅಂದ, "ಮೆಲ್ಲಕ ಒರಸ ಬೇ. ಬೋಳು ಮನಿಯಾಕಿಗೆ ಬಣ್ಣದ ಕಿಮ್ಮತ್ತು ಏನ್ ಗೊತ್ತಾಗ್ತೈತಿ?"

ನಾನು ಬಟ್ಟೆ ಹಿಂಡಿ ಬಕೀಟಿಗೆ ಎಸೆದೆ. "ನಿಮ್ಮ ಹವಳದ ಬುಡ ಬೆಳ್ಳಗಾಗೈತಿ, ನೋಡ್ರಿ ಯಜಮಾನ್ರ. ನಮ್ಮ ಮನ್ಯಾಗಿಂದು ಇದಕ್ಕಿಂತ ನೆಟ್ಟಗೈತಿ."

ಹೇಳಿ ಮುಗಿಸುವಷ್ಟರಲ್ಲಿ ಏನು ಹೇಳಿದೆ ಅಂತ ಗೊತ್ತಾಯಿತು. ಬಾಗಿಲಲ್ಲಿ ನಿಂತಿದ್ದ ಕಸ್ತೂರಿ ಬಾಯಿಗೆ ಕೈ ಒತ್ತಿಕೊಂಡಳು. ತಮಾಷೆಗೆ ಅಂದೆ ಅಂತ ನಕ್ಕುಬಿಡಬಹುದಿತ್ತು. ನಗಲು ಮನಸ್ಸಾಗಲಿಲ್ಲ.

ಅರ್ಧ ತಾಸಿನಲ್ಲಿ ಐವರು ಪಂಚರೂ ನನ್ನ ಒಳಕೋಣೆಯಲ್ಲಿ ನಿಂತಿದ್ದರು. ಬಣ್ಣಗಳು ಒಂದರ ಪಕ್ಕ ಒಂದು ಇರುವುದನ್ನು ಅವರು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಕೇಸರಿಗೆ ತಾಗಿ ನೀಲಿ, ನೀಲಿಗೆ ತಾಗಿ ಗುಲಾಬಿ. ಒಬ್ಬ ಪಂಚ ಬಾಯಿ ತೆರೆದವನು ಮುಚ್ಚಲು ಮರೆತ. ನನಗೆ ಒಳಗೊಳಗೇ ಹೆಮ್ಮೆ ಉಕ್ಕುತ್ತಿತ್ತು, ಸುಳ್ಳು ಯಾಕೆ ಹೇಳಲಿ. ರಾಚಪ್ಪ ಮಾತ್ರ ಬೇಗ ಸಾವರಿಸಿಕೊಂಡ. "ಬರೋ ಸಂತಿ ದಿನ ಇದಕ್ಕ ಸಿಹಿನೀರು. ಅಲ್ಲೀತನಕ ಈಕಿನ್ನ ಯಾರೂ ಮನಿಯೊಳಗ ಬಿಟ್ಟುಕೊಳ್ಳಬಾರದು" ಅಂದು ಹೊರಟುಹೋದ.

ಎಂಟು ದಿನ ಮನೆಯಲ್ಲೇ ಕೂತೆ. ಮೊದಲ ಎರಡು ದಿನ ಅತ್ತೆ. ಹವಳಕ್ಕೆ ಉಣಿಸುವಾಗಲೂ ಅಳು, ಗಾಜು ಒರೆಸುವಾಗಲೂ ಅಳು. ಒಮ್ಮೆ ಕಳೆದುಕೊಂಡದ್ದನ್ನು ಇನ್ನೊಮ್ಮೆ ಕಳೆದುಕೊಳ್ಳುವ ಶಕ್ತಿ ನನ್ನಲ್ಲಿ ಇರಲಿಲ್ಲ. ಮೂರನೆಯ ದಿನ ಅಳು ನಿಂತು ಸಿಟ್ಟು ಶುರುವಾಯಿತು, ಅದು ಹೆಚ್ಚು ಉಪಯೋಗಕ್ಕೆ ಬಂತು.

ಐದನೆಯ ದಿನ ಬೆಳಗ್ಗೆ ಕಸ್ತೂರಿ ಹಿತ್ತಲ ಬಾಗಿಲು ತಟ್ಟಿದಳು. ಮುಖ ಬಾಡಿಹೋಗಿತ್ತು. "ಅಕ್ಕಾ, ನಮ್ಮ ಹವಳ ಬಾಯಿ ಮುಚ್ಚಿಬಿಟ್ಟೈತಿ. ನಿನ್ನೆ ಬಣ್ಣ ಇಳೀತು, ಇವತ್ತು ಮೈಯೆಲ್ಲ ಲೋಳಿ ಲೋಳಿ ಸುರಿಯಾಕತ್ತೈತಿ."

"ಹೊಸಾ ನೀರು ಹಾಕಿದ್ರೇನು?"

"ನೀನು ಬರಲಿಲ್ಲಲ್ಲ, ಅದಕ್ಕ ನಾವ ಕಲಸಿದ್ವಿ."

ಅವಳ ಎರಡೂ ಕೈ ಹಿಡಿದು ಮೂಸಿ ನೋಡಿದೆ. ಲೋಹದ ನಾತ ಹೊಡೆಯಿತು. "ಯಾವುದರಾಗ ಕಲಸಿದ್ರಿ?"

"ಬಚ್ಚಲಮನಿ ಹಂಡೇದಾಗ. ಪ್ಲಾಸ್ಟಿಕ್ ಬಕೀಟು ಮೈಲಿಗಿ, ಅಜ್ಜನ ಕಾಲದ ಹಂಡೆ ಇರೋವಾಗ ಇದ್ಯಾಕ ಅಂದ್ರು ಮಾವನೋರು."

"ಅದು ತಾಮ್ರದ ಹಂಡೆ, ನನ್ನವ್ವಾ."

ತಾಮ್ರಕ್ಕೆ ತಗುಲಿದ ಉಪ್ಪುನೀರು ಹವಳಕ್ಕೆ ವಿಷ. ಟ್ಯಾಂಕು ತೊಳೆಯುವವರು ಮಾತ್ರ ಇದನ್ನು ತಿಳಿದಿರುತ್ತಾರೆ. ನಾಲಿಗೆಗೆ ತಾಗಿಸಿ ನೋಡದೆ ನಾವು ಯಾವ ಪಾತ್ರೆಯನ್ನೂ ಟ್ಯಾಂಕಿನ ಹತ್ತಿರ ತರುವುದಿಲ್ಲ. ಪೀಳಿಗೆಯಿಂದ ಪೀಳಿಗೆಗೆ ಬಂದ ಹಂಡೆ ಯಾವ ಲೋಹದ್ದು ಅಂತ ಆ ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ, ನೋಡಿದರೆ ತಿಳಿಯುವ ಊರೂ ಇದಲ್ಲ. ಉಳಿಯುವುದಿಲ್ಲ ಅಂತ ಕಸ್ತೂರಿಗೆ ಹೇಳಿದೆ. ಅವಳು ಅಡುಗೆಮನೆಯ ನೆಲದ ಮೇಲೆ ಕೂತು ಬಿಕ್ಕಿದಳು. ಆ ಹುಡುಗಿಯ ಮೇಲೆ ನನಗೆ ಸಿಟ್ಟಿರಲಿಲ್ಲ, ತಲೆ ಸವರಿ ಕಳಿಸಿದೆ. ನೇರಳೆ ಮನೆಯ ಕಿಟಕಿಗೆ ಅವತ್ತು ಮಧ್ಯಾಹ್ನ ಪರದೆ ಬಿತ್ತು.

ಮರುದಿನ ಊರು ಉಂಡು ಮಲಗುವ ಹೊತ್ತಿಗೆ ರಾಚಪ್ಪನೇ ಬಂದ. ಅವನೂ ಹಿತ್ತಲ ಬಾಗಿಲಿನಿಂದಲೇ. ಕೂರಲಿಲ್ಲ. ಟ್ಯಾಂಕಿನ ಮೂಲೆಯಲ್ಲಿದ್ದ ಉಗುರಿನಷ್ಟು ನೇರಳೆಯನ್ನೇ ನೋಡುತ್ತಾ ನಿಂತ.

"ಅದು ನಮ್ಮನಿದು" ಅಂದ.

"ಆಗಿತ್ತು."

"ನೋಡವಾ ಇಂದ್ರವ್ವಾ, ಹಟ ಬ್ಯಾಡ. ಅದನ್ನ ಕೊಡು. ಉಳಿದಿದ್ದನ್ನ ನೀನು ಒಳಗ ಇಟ್ಟುಕೋ. ನಾಡಿದ್ದು ಬರೀ ಒಂದು ಖಾಲಿ ಟ್ಯಾಂಕಿಗೆ ನೀರು ಹಾಕಿ ಮುಗಿಸ್ತೇವಿ. ಯಾರಿಗೂ ತಿಳಿಯಂಗಿಲ್ಲ."

ನಿಜ ಹೇಳುತ್ತೇನೆ, ಒಂದು ಗಳಿಗೆ ಮನಸ್ಸು ಜಗ್ಗಿತು. ಹದಿನೆಂಟು ಬಣ್ಣ ಉಳಿಯುತ್ತಿದ್ದವು. ಯಾರೂ ಬರದ ಕೋಣೆಯಲ್ಲಿ, ಇಟ್ಟಿಗೆಯ ಹಿಂದೆ, ಸಾಯುವತನಕ ನಾನೊಬ್ಬಳೇ ನೋಡಿಕೊಂಡು ಇರಬಹುದಿತ್ತು. ಆದರೆ ಅವನು ನನ್ನ ಅರಿಶಿನಕ್ಕೆ ನೀರು ಸುರಿದ ದಿನ ಬಿಕ್ಕಿ ಬಿಕ್ಕಿ ಅಳುತ್ತಿದ್ದ ನನಗೆ, ನಿಯಮ ಎಲ್ಲರಿಗೂ ಒಂದೇ ಅಂದಿದ್ದ.

"ನಿಯಮ ಎಲ್ಲಾರಿಗೂ ಒಂದ ಅಲ್ರೀ? ನಿಮ್ಮ ಕಿಟಕಿಗೆ ಇಟ್ಟಿಗಿ ಯಾವಾಗ?" ಅಂದೆ.

ಅವನ ಮುಖ ಗಂಟಿಕ್ಕಿತು. "ಹಂಗಾದ್ರ ನಾಡಿದ್ದು ಎಲ್ಲಾದಕ್ಕೂ ಸುರೀತೀನಿ."

"ಸುರೀರಿ. ಆದ್ರ ಮನಿಗೆ ಹೋಗಿ ನಿಮ್ಮ ಪುಸ್ತಕ ಒಂದ್ಸಲ ತಗದು ಓದ್ರಿ. ಸಿಹಿನೀರು ಬಿದ್ದ ಬಣ್ಣ ಊರಾಗ ಮತ್ತ ಎಲ್ಲೂ ಇರಬಾರದು ಅಂತ ಬರದದ್ದು ನಾನಲ್ಲ. ಇದರಾಗ ಊರಿನ ಎಲ್ಲಾ ಬಣ್ಣಾ ಅದಾವ."

ಈ ಮಾತು ನನಗೂ ಹೊಳೆದದ್ದು ಆ ಕ್ಷಣದಲ್ಲೇ, ಬಾಯಿಯಿಂದ ಹೊರಗೆ ಬೀಳುವಾಗ. ನನ್ನನ್ನು ಸಿಕ್ಕಿಸಿದ ಬಾಯಿ ಒಮ್ಮೆಯಾದರೂ ಋಣ ತೀರಿಸಿತು. ರಾಚಪ್ಪ ಬಂದ ದಾರಿಯಲ್ಲೇ ಹೋದ. ಹಿತ್ತಲ ಬಾಗಿಲಿಗೆ ನಾನು ಒಳಗಿನಿಂದ ಬೀಗ ಹಾಕಿದೆ. ಇನ್ನು ಮೇಲೆ ಬರುವವರು ಮುಂದಿನಿಂದಲೇ ಬರಲಿ.

ಸಂತೆಯ ದಿನ ಬೆಳಗ್ಗೆ ಎದ್ದವಳೇ ಸುತ್ತಿಗೆ ತೆಗೆದುಕೊಂಡು ಬೀದಿಗೆ ಇಳಿದು ಕಿಟಕಿಯ ಇಟ್ಟಿಗೆಗೆ ಹೊಡೆದೆ. ಎಂಟು ವರ್ಷದ ಗಾರೆ, ಮೊದಲ ಇಟ್ಟಿಗೆ ಬೀಳುವಷ್ಟರಲ್ಲಿ ಅಂಗೈ ಸುಲಿಯಿತು. ಸಂತೆಗೆ ಹೊರಟವರು ಬುಟ್ಟಿ ಹೊತ್ತುಕೊಂಡೇ ನಿಂತು ನೋಡಿದರು. ಯಾರೂ ತಡೆಯಲಿಲ್ಲ, ಯಾರೂ ಕೈ ಹಚ್ಚಲಿಲ್ಲ. ಆಮೇಲೆ ಮಾಬೂಸಾಬ ಅಂಗಡಿಯ ಬಾಗಿಲು ಎಳೆದು ಬಂದ. "ಸರಿ ತಂಗಿ, ನೀ ಹೊಡದಿದ್ದು ಸಾಕು. ಟ್ಯಾಂಕು ಎತ್ತಾಕ ಕೈ ಬೇಕಾಗ್ತಾವ" ಅಂದು ಸುತ್ತಿಗೆ ಕಸಿದುಕೊಂಡ. ಅರ್ಧ ನೀರು ತೆಗೆದು, ಇಬ್ಬರೂ ಸೇರಿ ಟ್ಯಾಂಕನ್ನು ಕಿಟಕಿಗೆ ತಂದಿಟ್ಟೆವು. ಮತ್ತೆ ನೀರು ತುಂಬಿ ಲೈಟು ಹಚ್ಚಿದೆ. ಎತ್ತಾಡಿದ ಸಿಟ್ಟಿಗೆ ಹವಳಗಳು ಬಾಯಿ ಮುಚ್ಚಿಕೊಂಡಿದ್ದವು. ಹನ್ನೊಂದರ ಹೊತ್ತಿಗೆ ಒಂದೊಂದಾಗಿ ತೆರೆದವು.

ನಡುಮಧ್ಯಾಹ್ನಕ್ಕೆ ಸಂತೆಯಲ್ಲಿ ಮಾರುವವರೂ ಇರಲಿಲ್ಲ, ಕೊಳ್ಳುವವರೂ ಇರಲಿಲ್ಲ. ಎಲ್ಲರೂ ನನ್ನ ಕಿಟಕಿಯ ಮುಂದೆ. ಮಕ್ಕಳು ಗಾಜಿಗೆ ಮೂಗು ಒತ್ತಿ, ಇದು ನಮ್ಮನೀದು, ಇದು ನಿಮ್ಮನೀದು ಅಂತ ಜಗಳಾಡುತ್ತಿದ್ದವು. ಪಂಚರು ಸಿಹಿನೀರಿನ ಕೊಡಗಳನ್ನು ಹೊತ್ತು ಬಂದರು. ಜನ ದಾರಿ ಬಿಡಲು ಸ್ವಲ್ಪ ಹೊತ್ತು ಹಿಡಿಯಿತು. ನಾನು ಟ್ಯಾಂಕಿನ ಮುಚ್ಚಳ ತೆಗೆದು ಪಕ್ಕಕ್ಕೆ ನಿಂತೆ.

"ಸುರೀರಿ" ಅಂದೆ.

ಕೇಸರಿ ಮನೆಯ ಪಂಚ ಕೊಡ ಕೆಳಗಿಟ್ಟು ಕೆಮ್ಮಿದ. "ಅಲ್ಲಾ, ಮೊದಲು ನಮ್ಮ ನಮ್ಮ ಚೂರು ನಾವು ತಗೊಂಡುಬಿಟ್ರ..."

"ಯಾಕ್ರೀ? ಮುರಿದದ್ದು ಸತ್ತದ್ದು ಅಂತ ಪುಸ್ತಕದಾಗ ಐತಿ. ಸತ್ತಿದ್ದನ್ನ ಒಯ್ದು ಏನ್ ಮಾಡ್ತೀರಿ? ಸತ್ತಿದ್ದಕ್ಕ ನೀರ್ಯಾಕ ಸುರೀತೀರಿ? ಜೀವಂತ ಐತಿ ಅಂತೀರೋ, ಹಂಗಾದ್ರ ಎಲ್ಲಾದಕ್ಕೂ ಸುರೀರಿ, ನಾಳಿಂದ ಇಡೀ ಊರ ಬೋಳು ಊರು. ಎರಡರಾಗ ಯಾವುದು ಅಂತ ನೀವ ಹೇಳ್ರಿ."

ಎಲ್ಲರ ಕಣ್ಣು ರಾಚಪ್ಪನ ಮೇಲೆ. ಮೊದಲ ಕೊಡ ಅವನದು. ಅವನು ಕೊಡವನ್ನು ಹೆಗಲಿಗೆ ಎತ್ತಿದ, ಕಿಟಕಿಯ ತನಕ ಬಂದ. ಆ ನೇರಳೆ ಚೂರು ಅವನ ಮುಖದಿಂದ ಗೇಣು ದೂರದಲ್ಲಿ ಬಾಯಿ ತೆರೆದುಕೊಂಡಿತ್ತು. ಎಷ್ಟು ಹೊತ್ತು ನಿಂತನೋ ಗೊತ್ತಿಲ್ಲ. ಕೊನೆಗೆ ಅವನು ಹಿಂದಕ್ಕೆ ತಿರುಗಿ ಕೊಡದ ನೀರನ್ನು ಬೀದಿಯ ಮಣ್ಣಿಗೆ ಚೆಲ್ಲಿದ. ಉಳಿದ ನಾಲ್ವರೂ ಚೆಲ್ಲಿದರು.

"ಇಂದ್ರವ್ವಾ, ನಮ್ಮ ಚೂರು ಕೊಡವಾ" ಅಂದ, ತಗ್ಗಿದ ದನಿಯಲ್ಲಿ.

"ನಿಮ್ಮ ಚೂರು ಅಂತ ಇಲ್ಲಿ ಯಾವುದೂ ಇಲ್ಲ. ನನ್ನ ಮನಿ ಹವಳ. ಕೇಳಿದವರಿಗೆ ಕೊಡ್ತೀನಿ. ಆದ್ರ ಮೊದಲು ಬೋಳು ಮನಿಯವರಿಗೆ. ನೀವು ಅವರ ಹಿಂದ ನಿಂದರ್ರಿ."

ನಿಂತ. ನಮ್ಮೂರಿನ ಹಿರಿಯ ಪಂಚ, ಹೆಂಗಸರ ಹಿಂದೆ, ಬಿಸಿಲಿನಲ್ಲಿ. ಬೋಳು ಮನೆಗಳ ಹೆಂಗಸರು ಒಬ್ಬೊಬ್ಬರಾಗಿ ಮುಂದೆ ಬಂದರು. ಒಬ್ಬಳು ಗುಲಾಬಿ ಕೇಳಿದಳು, ಒಬ್ಬಳು ನೀಲಿ. ಒಬ್ಬಳು ಕೈಯೊಡ್ಡಿದವಳು ಯಾವುದು ಬೇಕು ಅಂತ ಹೇಳಲಾರದೆ ಅತ್ತಳು, ಅವಳಿಗೆ ನಾನೇ ಗಿಳಿಹಸಿರು ಆರಿಸಿ ಕೊಟ್ಟೆ. ಗುಲಾಬಿ ಮನೆಯ ಯಜಮಾನ ಅಲ್ಲೇ ನಿಂತಿದ್ದ, ಏನೋ ಹೇಳಲು ಹೋದ, ಅವನ ಹೆಂಡತಿ ಅವನ ತೋಳು ಚಿವುಟಿದಳು. ಕೊನೆಗೆ ಸಾವಂತ್ರವ್ವ ಕೋಲೂರಿಕೊಂಡು ಬಂದು ಕಂಚಿನ ಬಟ್ಟಲು ಚಾಚಿದಳು. ಅದನ್ನು ಮೂಸಿ ನೋಡಿ, ಕಂಚಿನಲ್ಲೂ ತಾಮ್ರವಿದೆ ಅಂತ ಪಕ್ಕಕ್ಕಿಟ್ಟು, ಪ್ಲಾಸ್ಟಿಕ್ ಡಬ್ಬಿ ತೆಗೆದುಕೊಂಡೆ.

"ಯಾವುದು ಬೇಕವ್ವಾ?"

"ನೇರಳಿ."

ನೇರಳೆ ಇದ್ದದ್ದು ಆ ಒಂದೇ ಚೂರು.

"ಬ್ಯಾರೆ ಯಾವುದರ ಕೇಳ್ ಬೇ" ಅಂತ ಯಾರೋ ಹಿಂದಿನಿಂದ ಕೂಗಿದರು.

"ಯಾಕ ಕೇಳಲಿ? ಮೂವತ್ತು ವರ್ಷ ಇವ್ರ ಕಿಟಕಿ ನೋಡ್ಕೋತ ಕಟ್ಟಿ ಮ್ಯಾಲ ಕುಂತೀನಿ. ಇವ್ರು ದಿನಾ ಹತ್ತು ಸಲ ಅದರ ಮುಂದ ಹಾದುಹೋಗಿದ್ದಾರ, ಅದರ ಮುಖ ನೋಡಿಲ್ಲ. ನಾನು ನೋಡೀನಿ. ನನಗ ಅದ ಬೇಕು."

ರಾಚಪ್ಪನ ಮುಖ ನೋಡಿದೆ. ಅಂಗಲಾಚುವ ಆ ಮುಖ ನನಗೆ ಹೊಸದು. ಖುಷಿಯಾಯಿತು, ಆಮೇಲೆ ಅಷ್ಟೇನೂ ಖುಷಿ ಅಲ್ಲ ಅನ್ನಿಸಿತು. ಅವನ ಹಿಂದೆ ಕಸ್ತೂರಿ ಗಾಜಿನ ಬಟ್ಟಲು ಎದೆಗೆ ಒತ್ತಿಕೊಂಡು ನಿಂತಿದ್ದಳು.

ನೇರಳೆಯನ್ನು ಹೊರಗೆ ತೆಗೆದು ಅಂಗೈ ಮೇಲಿಟ್ಟುಕೊಂಡು ಇಕ್ಕಳ ಹಿಡಿದೆ. ಏನು ಮಾಡಲು ಹೊರಟಿದ್ದೇನೆ ಅಂತ ತಿಳಿದು ಜನರ ಗುಂಪಿನಿಂದ ಒಂದು ಚೀತ್ಕಾರ ಬಂತು. ಬದುಕಿರುವ ಹವಳವನ್ನು ಬೇಕೆಂದೇ ಕತ್ತರಿಸುವುದನ್ನು ಅವರು ಯಾರೂ ನೋಡಿರಲಿಲ್ಲ. ಅಷ್ಟು ಸಣ್ಣದನ್ನು ನಾನೂ ಯಾವತ್ತೂ ಕತ್ತರಿಸಿರಲಿಲ್ಲ. ಎರಡೂ ಸತ್ತರೆ ಊರಿಗೇ ನೇರಳೆ ಇಲ್ಲ. ಕಣ್ಣು ಮುಚ್ಚಲಿಲ್ಲ. ಕಟ್ ಅಂತ ಸದ್ದಾಯಿತು. ಒಂದು ಅರ್ಧ ಸಾವಂತ್ರವ್ವನ ಡಬ್ಬಿಗೆ, ಇನ್ನೊಂದು ಕಸ್ತೂರಿಯ ಬಟ್ಟಲಿಗೆ.

"ಒಂದು ಬಣ್ಣಕ್ಕ ಒಂದು ಮನಿ..." ರಾಚಪ್ಪ ಶುರುಮಾಡಿದ. ಸೊಸೆ ಅವನ ಕಡೆ ತಿರುಗಿದಳು. ಅವನು ಅವಳ ಬಟ್ಟಲಿಗೆ ಕೈ ಆನಿಸಿದ.

ಎರಡೂ ಬದುಕಿದವು. ಸಾವಂತ್ರವ್ವನ ಕಿಟಕಿಯ ಇಟ್ಟಿಗೆಯನ್ನು ಮಾಬೂಸಾಬನೂ ನಾನೂ ಮರುದಿನವೇ ತೆಗೆದೆವು. ವರ್ಷ ಕಳೆಯುವಷ್ಟರಲ್ಲಿ ಅವಳದು ಹೆಬ್ಬೆರಳಿನಷ್ಟಾಯಿತು. ಹಗಲಿಡೀ ಎದುರಿಗೆ ಕೂತು ನೋಡುವವರು ಇದ್ದುದಕ್ಕೋ ಏನೋ, ಎದುರು ಮನೆಯದಕ್ಕಿಂತ ಅದು ಒಂದು ಗುಂಜಿ ದೊಡ್ಡದೇ ಇದೆ. ಮೊನ್ನೆ ಉಪ್ಪಿನ ಗಾಡಿಯವನು ಬೀದಿಯ ತುದಿಯಲ್ಲಿ ನಿಂತು ನೇರಳೆ ಮನೆ ಯಾವುದು ಅಂತ ಕೇಳಿದ. ಅಲ್ಲಿ ಆಡುತ್ತಿದ್ದ ಹುಡುಗಿಯೊಬ್ಬಳು ಆಟ ನಿಲ್ಲಿಸದೆಯೇ ತಿರುಗಿ ಕೇಳಿದಳು, "ಸಾವಂತ್ರವ್ವಂದೋ, ಇನ್ನೊಂದೋ?"